ದಾನವೋ ರಾಜಕೀಯವೋ ಎಂದು ಕೇಳಿದವರಿಗೆ

ಮುಂಬಯಿಯ ಘಾಟ್ಕೋಪರಿನ ಓದುಗರೊಬ್ಬರು ಬರೆದಿದ್ದಾರೆ: ‘ನಮ್ಮ ಸಂಘದ ದತ್ತಿನಿಧಿಯಿಂದ ಪ್ರತಿ ವರ್ಷ ವಿದ್ಯಾರ್ಥಿವೇತನ ಕೊಡುತ್ತೇವೆ. ಈ ಸಲ ಪಕ್ಕದ ಝೋಪಡಪಟ್ಟಿಯವರು (ಕೊಳೆಗೇರಿಯವರು) ಮನೆ ಉಳಿಸಿಕೊಳ್ಳುವ ಹೋರಾಟಕ್ಕೆ ನೆರವು ಕೇಳಿದ್ದಾರೆ. ಕಾಗದಪತ್ರ, ವಕೀಲರು, ಓಡಾಟದ ಖರ್ಚು. ಇದು ದಾನವೋ ರಾಜಕೀಯವೋ? ಸಮಿತಿಯಲ್ಲಿ ಜಗಳವೇ ಆಯಿತು.’

ದಾನವೇ. ಕೊಡಿ ಅಂತಲೇ ನಾನು ಹೇಳುವುದು.

ಇದೇನೂ ಹೊಸದಲ್ಲ. 1909ರಲ್ಲಿ ದಕ್ಷಿಣ ಆಫ್ರಿಕಾದ ಸತ್ಯಾಗ್ರಹಕ್ಕೆ ದುಡ್ಡಿನ ಕಷ್ಟ ಬಂದಾಗ ಇದೇ ಮುಂಬಯಿಯ ಸರ್ ರತನ್ ಟಾಟಾ, ಅಂದರೆ ಜಮ್ಶೇಟ್‌ಜಿಯವರ ಕಿರಿಯ ಮಗ, ಗಾಂಧೀಜಿಗೆ 25,000 ರೂಪಾಯಿ ಕಳಿಸಿದರು. ಆಮೇಲೂ ಕೊಟ್ಟರು, ಒಟ್ಟು 1,25,000 ಆಯಿತು. ಜೈಲಿಗೆ ಹೋದವರ ಹೆಂಡತಿ ಮಕ್ಕಳು ಊಟ ಮಾಡಬೇಕಲ್ವಾ? ಅಹಿಂಸೆಯ ಹೋರಾಟ ವರ್ಷಗಟ್ಟಲೆ ಎಳೆಯುತ್ತದೆ. ಅಷ್ಟು ದಿನವೂ ಮನೆಯಲ್ಲಿ ಒಲೆ ಉರಿಯಬೇಕು.

ನಮ್ಮ ಊರಿನದೇ ಕಥೆ ನೋಡಿ. 1985ರಲ್ಲಿ ಸುಪ್ರೀಂ ಕೋರ್ಟು ದುಡಿದು ಬದುಕುವ ಹಕ್ಕು ಜೀವಿಸುವ ಹಕ್ಕಿನ ಭಾಗ ಎಂದಿತು, ಆದರೆ ನೋಟಿಸ್ ಕೊಟ್ಟು ಫುಟ್‌ಪಾತಿನ ಮೇಲೆ ಬದುಕುವವರನ್ನು ಅಲ್ಲಿಂದ ಎಬ್ಬಿಸಬಹುದು ಎಂದೂ ಹೇಳಿತು. ಭಾಯ್ಖಳಾದ (ಬೈಕುಲಾ) ಫುಟ್‌ಪಾತಿನ ಹೆಂಗಸರು ಕಲ್ಲು ಎತ್ತಲಿಲ್ಲ. ಬಡವರ ವಸತಿಗಾಗಿ ದುಡಿಯುವ ಸ್ಪಾರ್ಕ್ ಸಂಸ್ಥೆಯ ಜೊತೆ ಸೇರಿ ತಮ್ಮವರನ್ನು ತಾವೇ ಎಣಿಸಿದರು. ಎಷ್ಟು ಕುಟುಂಬ, ಯಾವ ಊರಿಂದ ಬಂದದ್ದು, ಏನು ಕೆಲಸ, ಎಲ್ಲ ಬರೆದಿಟ್ಟರು. ಮುಂದೆ ಮಹಿಳಾ ಮಿಲನ್ ಎಂಬ ತಮ್ಮದೇ ಗುಂಪು ಕಟ್ಟಿಕೊಂಡು ಚಿಲ್ಲರೆ ಉಳಿಸತೊಡಗಿದರು. ಅವರ ಜೊತೆ ನಿಂತ ಜೋಕಿನ್ ಅರ್ಪುತಂ ನಮ್ಮ ಕೆಜಿಎಫ್‌ನಲ್ಲಿ ಹುಟ್ಟಿದವರು, ತಾವೇ ಜನತಾ ಕಾಲೊನಿಯ ಝೋಪಡಿಯಲ್ಲಿ ಬದುಕಿದವರು, 2000ದಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದವರು. ಇಂಥ ಎಣಿಕೆಗೆ ಪೆನ್ನು, ಕಾಗದ, ಬಸ್ ಚಾರ್ಜು, ಒಂದು ದಿನದ ಕೂಲಿ ಬೇಕು. ಅದಕ್ಕೆ ಯಾರೂ ಕಲ್ಲಿನ ಫಲಕ ಹಾಕಿಸುವುದಿಲ್ಲ, ಹಾಗಾಗಿ ದಾನಿಗಳೂ ಕಡಿಮೆ. ದೊಡ್ಡ ಕಂಪನಿಗಳು 2013ರ ಕಂಪನಿ ಕಾಯ್ದೆಯ ಪ್ರಕಾರ ಲಾಭದ ಶೇ 2ರಷ್ಟು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು, ನಿಜ. ಆದರೆ ಆ ಹಣ ಶಾಲೆ, ಆಸ್ಪತ್ರೆಯ ಕಡೆ ಸುಲಭವಾಗಿ ಹರಿಯುತ್ತದೆ, ಬಸ್ತಿಯ, ಅಂದರೆ ಝೋಪಡಿಗಳ ಕೇರಿಯ, ಸಭೆಯ ಕಡೆ ಅಲ್ಲ.

ವಿದ್ಯಾರ್ಥಿವೇತನ ನಿಲ್ಲಿಸಬೇಡಿ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದ ಹಿರಿಯರು ನಮ್ಮವರೇ, ಅದರ ಬೆಲೆ ನಮಗೆ ಗೊತ್ತು. ಆದರೆ ಮನೆಯೇ ನೆಲಸಮವಾದರೆ ಬಸ್ತಿಯ ಹುಡುಗಿ ಪುಸ್ತಕ ಎಲ್ಲಿಡಬೇಕು?

ನಿಮ್ಮ ಟ್ರಸ್ಟಿನ ಪತ್ರದಲ್ಲಿ ಉದ್ದೇಶಗಳು ಏನಿವೆ ಎಂದು ಲೆಕ್ಕಪರಿಶೋಧಕರಿಗೆ ಮೊದಲು ತೋರಿಸಿ. ಪಕ್ಷದ ಬಾವುಟ ಕಂಡರೆ ಅಥವಾ ಹೊಡೆದಾಟದ ಮಾತು ಬಂದರೆ ಅಲ್ಲಿಗೇ ಬಿಡಿ. ಕೊಡುವುದಾದರೆ ಸುಮ್ನೆ ಒಂದು ಸಲ ಕೊಟ್ಟು ಕೈತೊಳೆದುಕೊಳ್ಳಬೇಡಿ, ಸ್ವಲ್ಪವಾದರೂ ಸರಿ, ಮೂರು ವರ್ಷ ಕೊಡಿ. ಯಾವುದಕ್ಕೆ ಖರ್ಚು ಎಂದು ಅವರೇ ತೀರ್ಮಾನಿಸಲಿ. ಲೆಕ್ಕ ನಿಮ್ಮ ಆಫೀಸಿಗೆ ಬರುವ ಮೊದಲು ಬಸ್ತಿಯಲ್ಲೇ ಎಲ್ಲರ ಮುಂದೆ ಓದಲಿ. ಚೆಕ್ ಕೊಡುವ ಫೋಟೊ ಬೇಡ, ಅವರಿಗೆ ಅದು ಮುಜುಗರ.

ಮುಂದಿನ ಸಮಿತಿ ಸಭೆಗೆ ಅಲ್ಲಿಯ ಇಬ್ಬರು ಹೆಂಗಸರನ್ನು ಕರೆಯಿರಿ. ಸಭೆ ರಾತ್ರಿ ಎಂಟರ ಮೇಲೆ ಇಡಿ, ಅವರು ಕೆಲಸ ಮುಗಿಸಿ ಬರಬೇಕು.