ತೊಳೆದ ಮೆಣಸಿನಕಾಯಿ ಒಳಗೆ ಬೂಷ್ಟು ಯಾಕೆ?

ಪ್ರಶ್ನೆ: ಬ್ಯಾಡಗಿ ಮೆಣಸಿನಕಾಯಿ ತೊಳೆದು, ಡ್ರೈಯರ್‌ನಲ್ಲಿ ಒಣಗಿಸಿ ಖಾರದ ಪುಡಿ ಮಾಡುತ್ತೇವೆ. ಬಿಸಿ ಏರಿಸಿದರೆ ಬಣ್ಣ ಕಪ್ಪಾಗುತ್ತದೆ. ಇಳಿಸಿದರೆ ಕೆಲವು ಕಾಯಿಯ ಒಳಗೆ ಬೂಷ್ಟು ಬರುತ್ತದೆ. ಏನು ಮಾಡಲಿ?
– ಗೃಹಿಣಿ, ಗದಗ

ಉತ್ತರ: ಅಕ್ಕಾರೇ, ಮೊದಲು ಒಂದು ಮಾತು ಹೇಳಿ. ತೊಟ್ಟು ಕಿತ್ತು ತೊಳೀತೀರಾ? ಹಾಗಿದ್ದರೆ ತೊಂದರೆ ಅಲ್ಲೇ ಇದೆ. ತೊಟ್ಟು ಕಿತ್ತ ತೂತಿನಿಂದ ನೀರು ಒಳಗೆ ಹೋಗಿ ಬೀಜದ ಮಧ್ಯೆ ನಿಲ್ಲುತ್ತದೆ. ಸಿಪ್ಪೆ ಗರಿಗರಿ ಆದರೂ ಒಳಗೆ ಹಸಿ ಉಳಿಯುತ್ತದೆ. ತೊಟ್ಟು ಇದ್ದಾಗಲೇ ತೊಳೆಯಿರಿ, ಒಣಗಿದ ಮೇಲೆ ಕೀಳಿರಿ. ನೆನೆಸಿಡಲೇಬೇಡಿ. ಬ್ಯಾಡಗಿ ಕಾಯಿಯ ಸುಕ್ಕಿನಲ್ಲಿ ಮಣ್ಣು ಕೂತಿರುತ್ತದೆ, ನಿಜ. ಆದರೆ ಹರಿಯುವ ನೀರಲ್ಲಿ ಬೇಗ ಬೇಗ ಕೈಯಾಡಿಸಿ, ಜಾಲರಿ ಮೇಲೆ ಪೂರ್ತಿ ಬಸಿಯಿರಿ.

ಡ್ರೈಯರ್ 55ರಿಂದ 60 ಡಿಗ್ರಿ ಇರಲಿ. ಈ ಕಾಯಿಗೆ ಬೆಲೆ ಬರುವುದೇ ಬಣ್ಣದಿಂದ, ಅವಸರಕ್ಕೆ ಅದನ್ನು ಸುಡಬೇಡಿ. ಟ್ರೇಯಲ್ಲಿ ಒಂದೇ ಪದರ ಹರವಿ. ಶುರುವಿನಲ್ಲಿ ಹಬೆ ಹೋಗುವ ಕಿಂಡಿ ಪೂರ್ತಿ ತೆಗೆದಿಡಿ. ಬಹಳ ಜನ ಬಿಸಿ ಉಳಿಯಲಿ ಅಂತ ಮುಚ್ಚುತ್ತಾರೆ, ಆಗ ಕಾಯಿ ಒಣಗದೆ ಬೇಯುತ್ತದೆ. ನಡುನಡುವೆ ಮೇಲಿನ ಟ್ರೇ ಕೆಳಗೆ, ಕೆಳಗಿನದು ಮೇಲೆ ಮಾಡಿ.

ಒಂದು ದಪ್ಪ ಕಾಯಿ ಸೀಳಿ ನೋಡಿ. ಬೀಜ ಸಿಪ್ಪೆಗೆ ಅಂಟಿದ್ದರೆ ಇನ್ನೂ ಆಗಿಲ್ಲ. ತೇವಾಂಶ ಶೇ. 11 ದಾಟಬಾರದು, ನಾನಂತೂ 10ಕ್ಕೇ ಇಳಿಸುತ್ತೇನೆ. ಪೂರ್ತಿ ಆರಿದ ಮೇಲೆಯೇ ಚೀಲಕ್ಕೆ ತುಂಬಿ. ಬೂಷ್ಟು ಬಂದ ಕಾಯಿ ಮಾತ್ರ ತೊಳೆದು ಬಳಸಬೇಡಿ, ಎಸೆದುಬಿಡಿ. ಅದರ ವಿಷ ನೀರಿಗೂ ಹೋಗುವುದಿಲ್ಲ, ಬಿಸಿಗೂ ಹೋಗುವುದಿಲ್ಲ.