ಪ್ರೆಸ್ ಇಲ್ಲದಿದ್ದರೂ ಹಲಗೆ ಕೆತ್ತಬಹುದು

ಪ್ರಶ್ನೆ: ನನಗೆ 39 ವರ್ಷ. ಚಿತ್ರಕಲಾ ಪರಿಷತ್ತಿನಲ್ಲಿ ಪೇಂಟಿಂಗ್, ಪ್ರಿಂಟ್‌ಮೇಕಿಂಗ್ ಕಲಿತವಳು. ಮದುವೆಯಾಗಿ ನ್ಯೂಜೆರ್ಸಿಗೆ ಬಂದು 11 ವರ್ಷ. ಡಿಪೆಂಡೆಂಟ್ ವೀಸಾ, ಕೆಲಸ ಮಾಡುವ ಹಾಗಿರಲಿಲ್ಲ. ಈಗ ವರ್ಕ್ ಪರ್ಮಿಟ್ ಬಂದಿದೆ. ಸಾಫ್ಟ್‌ವೇರ್ ಟೆಸ್ಟಿಂಗ್ ಕೋರ್ಸ್ ಸೇರು ಅಂತ ನನ್ನವರ ಒತ್ತಾಯ. ದುಡ್ಡಿಗೆ ತೊಂದರೆ ಇಲ್ಲ. ನನಗೆ ಮತ್ತೆ ವುಡ್‌ಕಟ್ (ಮರದ ಹಲಗೆಯಲ್ಲಿ ಚಿತ್ರ ಕೆತ್ತಿ ಕಾಗದಕ್ಕೆ ಅಚ್ಚೊತ್ತುವುದು) ಮಾಡುವ ಆಸೆ. ಅಚ್ಚೊತ್ತುವ ಪ್ರೆಸ್ ಇಲ್ಲ, ಜಾಗ ಇಲ್ಲ, ಈ ಊರಲ್ಲಿ ನನ್ನದು ಅನ್ನುವಂಥದ್ದೇನೂ ಇಲ್ಲ. ತಡವಾಯಿತಾ?

ಉತ್ತರ: ತಡವಾಗಿಲ್ಲ ಕಣಮ್ಮಾ. ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ.

ಪ್ರಿಂಟ್ ಕಲಾವಿದೆ ಝರೀನಾ ಹಾಶ್ಮಿ ಹೆಸರು ಕೇಳಿರುತ್ತೀರಿ. 1937ರಲ್ಲಿ ಅಲೀಗಢದಲ್ಲಿ ಹುಟ್ಟಿದವರು. ಓದಿದ್ದು ಗಣಿತ. ಗಂಡ ರಾಜತಾಂತ್ರಿಕ ಅಧಿಕಾರಿ. ಅವರಿಗೆ ವರ್ಗವಾದಲ್ಲಿಗೆ ಇವರೂ ಹೊರಟರು, ನಿಮ್ಮ ಹಾಗೇ. ಆದರೆ ಬ್ಯಾಂಕಾಕ್‌ನಲ್ಲಿ ವುಡ್‌ಕಟ್ ಕಲಿತರು. ಪ್ಯಾರಿಸ್‌ನಲ್ಲಿ ಪ್ರಿಂಟ್ ಕಲಾವಿದ ಹೇಟರ್ ಅವರ ಸ್ಟುಡಿಯೊ ಸೇರಿದರು. ಆಮೇಲೆ ಜಪಾನಿಗೂ ಹೋಗಿ ಮರದಚ್ಚಿನ ಕೆಲಸ ಕಲಿತರು. ನ್ಯೂಯಾರ್ಕ್ ತಲುಪಿದಾಗ ವಯಸ್ಸು ನಲವತ್ತರ ಹತ್ತಿರ. 1977ರಲ್ಲಿ ಗಂಡ ತೀರಿಕೊಂಡರು. ಅಲ್ಲೇ ಉಳಿದರು, ಪಾಠ ಹೇಳಿದರು, ಮನೆಯಲ್ಲೇ ಕೆತ್ತಿದರು.

1999ರಲ್ಲಿ ಅವರು ಮಾಡಿದ 36 ವುಡ್‌ಕಟ್‌ಗಳ ಸರಣಿ ನೋಡಿ. ಹೊಸ್ತಿಲು, ಬಾಗಿಲು, ಅಂಗಳ, ಗೋಡೆ. ಒಂದೊಂದಕ್ಕೂ ಒಂದು ಉರ್ದು ಪದ, ಕೆಲವೇ ಕಪ್ಪು ಗೆರೆ. ಬಿಟ್ಟು ಬಂದ ಮನೆಯನ್ನು ಅಷ್ಟರಲ್ಲೇ ಹಿಡಿದಿದ್ದಾರೆ. 2011ರಲ್ಲಿ ವೆನಿಸ್ ಬಿಯೆನಾಲೆ ಎಂಬ ಅಂತಾರಾಷ್ಟ್ರೀಯ ಕಲಾ ಪ್ರದರ್ಶನದಲ್ಲಿ ಭಾರತದ ಪೆವಿಲಿಯನ್‌ಗೆ ಆಯ್ಕೆಯಾದಾಗ ಅವರಿಗೆ 70 ದಾಟಿತ್ತು.

ಅವರ ಹಾಗೇ ಮಾಡಿ ಅಂತಲ್ಲ. ನಿಮ್ಮದು ಏನೂ ಇಲ್ಲ ಅಂತೀರಿ. 11 ವರ್ಷ ವೀಸಾ ಕಾಗದಕ್ಕೆ ಕಾದು ತೆರೆದ ಆ ಅಂಚೆಪೆಟ್ಟಿಗೆ ನಿಮ್ಮದಲ್ವಾ? ಅದರಿಂದಲೇ ಶುರು ಮಾಡಿ.

ಪ್ರೆಸ್ ಚಿಂತೆ ಬಿಡಿ. ಲೋಹದ ತಗಡಿನ ಎಚಿಂಗ್‌ಗೆ ಬೇಕು, ವುಡ್‌ಕಟ್‌ಗೆ ಬೇಡ. ಮಸಿ ಹಚ್ಚಿದ ಹಲಗೆಯ ಮೇಲೆ ತೆಳು ಜಪಾನೀ ಕಾಗದ ಹಾಸಿ ಮರದ ಚಮಚದ ಬೆನ್ನಿಂದ ಉಜ್ಜಿದರೂ ಅಚ್ಚು ಬೀಳುತ್ತದೆ. ನೀವಿದನ್ನು ಕಲಿತವರು, ಮರೆತಿರಬೇಕು ಅಷ್ಟೇ. ಪ್ರೆಸ್ ಬೇಕೆನಿಸಿದ ದಿನ ಮ್ಯಾನ್‌ಹ್ಯಾಟನ್‌ಗೆ ಹೋಗಿ, ರಾಬರ್ಟ್ ಬ್ಲ್ಯಾಕ್‌ಬರ್ನ್ ಕಟ್ಟಿದ ಪ್ರಿಂಟ್ ವರ್ಕ್‌ಶಾಪ್ ನೋಡಿ ಬನ್ನಿ. ಪ್ರೆಸ್ ಹಂಚಿಕೊಂಡು ಕೆಲಸ ಮಾಡುವವರ ಜಾಗ ಅದು.

ಯಜಮಾನರ ಜೊತೆ ಜಗಳ ಬೇಡ. ಅವರಿಗೆ ಕಲೆಯ ಮೇಲೆ ಸಿಟ್ಟಿದೆ ಅಂತ ನನಗನ್ನಿಸುವುದಿಲ್ಲ. ಒಂದೇ ಸಂಬಳ, ಕೆಲಸ ಹೋದರೆ ವೀಸಾವೂ ಹೋಗುವ ಭಯ. ಅದನ್ನು ಬಾಯಿಬಿಟ್ಟು ಕೇಳಿ. ಭಯ ನಿಜವೇ ಆಗಿದ್ದರೆ ವಾರಕ್ಕೆ ಎರಡು ಮೂರು ದಿನದ ಯಾವುದಾದರೂ ಕೆಲಸ ಹಿಡಿಯಿರಿ, ಉಳಿದ ದಿನ ಹಲಗೆಗೆ. ಇಲ್ಲವಾದರೆ ಒಂದು ವರ್ಷ ಕೊಡಿ ಅನ್ನಿ, ಖರ್ಚೆಷ್ಟು ಅಂತ ಬರೆದು ತೋರಿಸಿ. ಪರ್ಮಿಟ್ ಇರುವುದರಿಂದ ಪ್ರಿಂಟ್ ಮಾರಬಹುದು, ಕ್ಲಾಸ್ ನಡೆಸಬಹುದು. ಆದರೆ ಸಂಬಳದಷ್ಟು ಬೇಗ ದುಡ್ಡು ಬರುವುದಿಲ್ಲ, ಇದನ್ನೂ ಮುಚ್ಚಿಡಬೇಡಿ.

ಮೊದಲ ಅಚ್ಚು ತೆಗೆಯುವಾಗ ಅವರನ್ನು ಕರೆಯಿರಿ. ಕಾಗದದ ಒಂದು ತುದಿ ಅವರು ಹಿಡಿಯಲಿ.