ಸೋಮಾದ ಜೌಗು, ನಮ್ಮ ಹಡ್ಲು

ಪ್ರಶ್ನೆ: ಎಸ್ಟೋನಿಯಾದಲ್ಲಿ ಓದುತ್ತಿರುವ ಮಗ ಅಲ್ಲಿನ ಸೋಮಾ ರಾಷ್ಟ್ರೀಯ ಉದ್ಯಾನದ ಫೋಟೋ ಕಳಿಸಿದ್ದಾನೆ. ಕಣ್ಣು ಹಾಯುವಷ್ಟೂ ಜೌಗು, ಅಂಚಿಗೆ ಹಳೇ ಕಾಡು. ನಾಗರಹೊಳೆಯ ಹಡ್ಲು (ತಗ್ಗಿನಲ್ಲಿರುವ ಜೌಗು ಹುಲ್ಲುಗಾವಲು) ನೆನಪಾಯಿತು. ಎರಡೂ ಒಂದೇನಾ? ನಮ್ಮ ಕಾಫಿ ತೋಟದ ಕೆಳಗೂ ಒಂದು ಹಡ್ಲಿದೆ. ಮನೆಯವರು ಕಾಲುವೆ ತೆಗೆದು, ನೀರು ಬಸಿದು ಅಡಿಕೆ ಹಾಕೋಣ ಅಂತಿದ್ದಾರೆ.
– ಓದುಗರು, ಗೋಣಿಕೊಪ್ಪ

ಉತ್ತರ: ಅಕ್ಕಾ, ಎರಡೂ ಒಂದೇ ಅಲ್ಲ. ನರ್ಸರಿಯಲ್ಲಿ ಕಸಿ ಕಟ್ಟುವಾಗ ಕೊಂಬೆಗೆ ಪಾಚಿ ಸುತ್ತುತ್ತಾರಲ್ವಾ, ಒದ್ದೆ ಮಾಡಿದರೆ ಸ್ಪಂಜಿನ ಹಾಗೆ ಉಬ್ಬುತ್ತದೆ, ಸ್ಫ್ಯಾಗ್ನಮ್ ಅಂತ, ಸೋಮಾದ ಜೌಗು ಕಟ್ಟಿರುವುದು ಅದರಿಂದಲೇ. ಮೇಲೆ ಚಿಗುರುತ್ತಾ ಹೋಗುತ್ತದೆ, ಕೆಳಗೆ ಸಾಯುತ್ತದೆ. ಸತ್ತದ್ದು ಮಾತ್ರ ಸರಿಯಾಗಿ ಕೊಳೆಯುವುದಿಲ್ಲ. ಚಳಿ, ಹುಳಿ ನೀರು, ಗಾಳಿಯಾಡದ ಆಳ, ಹಾಗಾಗಿ ಪದರದ ಮೇಲೆ ಪದರ ಕೂತು ಪೀಟ್ ಆಗುತ್ತದೆ. ವರ್ಷಕ್ಕೆ ಸುಮಾರು 1 ಮಿಲಿಮೀಟರ್ ಅಷ್ಟೇ. ಒಂದು ಮೀಟರ್ ಬೆಳೆಯೋಕೆ ಸಾವಿರ ವರ್ಷ ಬೇಕು! (ಕೋಕೋಪೀಟ್ ಹೆಸರಿನಲ್ಲಿರುವ ಪೀಟ್ ಇದೇ, ತೆಂಗಿನ ನಾರಿನ ಪುಡಿ ಇದರ ಬದಲಿಗೆ ಬಂದದ್ದು.) ಮಳೆ ನೀರು ಬಿಟ್ಟರೆ ಅಲ್ಲಿ ಗಿಡಕ್ಕೆ ಬೇರೆ ಪೋಷಣೆ ಕಡಿಮೆ, ಎದೆಮಟ್ಟದ ಪೈನ್ ಮರಕ್ಕೂ ನೂರು ವರ್ಷ ದಾಟಿರಬಹುದು.

ಸೋಮಾ ಅಂದರೆ ಜೌಗಿನ ನಾಡು. 1993ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ವಸಂತದಲ್ಲಿ ಹಿಮ ಕರಗಿ ಹೊಳೆ ಉಕ್ಕಿದಾಗ ಅಲ್ಲಿನವರು ಅದನ್ನು ಐದನೇ ಋತು ಅಂತಾರೆ, ಒಂದೇ ಮರದ ದಿಮ್ಮಿ ಕೊರೆದು ಮಾಡಿದ ದೋಣಿಯಲ್ಲಿ ಓಡಾಡುವುದು ಅಲ್ಲಿನ ಹಳೇ ರೂಢಿ.

ನಮ್ಮ ಸೆಕೆಗೆ ಹುಲ್ಲು ಬೇಗ ಕೊಳೆತು ಮಣ್ಣಾಗುತ್ತದೆ, ಪೀಟ್ ಕಟ್ಟುವುದಿಲ್ಲ. ಹಡ್ಲಿನಲ್ಲಿ ನೀರು ಹಿಡಿಯುವುದು ಜೇಡಿಮಣ್ಣು. ಮಾರ್ಚಿನಲ್ಲಿ ಕಾಡೆಲ್ಲ ಒಣಗಿ ನಿಂತಾಗ ಹಡ್ಲು ಮಾತ್ರ ಹಸಿರಾಗಿರುತ್ತದೆ, ಕಾಟಿ, ಜಿಂಕೆ, ಆನೆ ಎಲ್ಲ ಅಲ್ಲಿಗೇ ಇಳಿಯುತ್ತವೆ. ಆನೆ ಹುಲ್ಲಿನ ಬುಡ ಕಿತ್ತು, ಮುಂಗಾಲಿಗೆ ಪಟಪಟ ಬಡಿದು, ಕೆಸರು ಉದುರಿದ ಮೇಲೇ ಬಾಯಿಗಿಡುವುದು. ನಾನು ಕಾರಿನಲ್ಲಿ ಕೂತು ಎಷ್ಟೋ ಹೊತ್ತು ಅದನ್ನೇ ನೋಡಿದ್ದೇನೆ.

ಕಾಲುವೆ ಮಾತ್ರ ತೆಗೆಯಬೇಡಿ ಅಕ್ಕಾ, ಕೈಮುಗಿದು ಕೇಳ್ತೀನಿ. ಎಸ್ಟೋನಿಯಾದಲ್ಲೂ ಹಿಂದೆ ಜೌಗಿಗೆ ಕಾಲುವೆ ತೋಡಿದ್ದರು. ನೀರು ಇಳಿದದ್ದೇ ಸಾವಿರಾರು ವರ್ಷ ಕೊಳೆಯದೆ ಇದ್ದದ್ದು ಕೊಳೆಯಲು ಶುರುವಾಯಿತು, ಈಗ ಅದೇ ಕಾಲುವೆಗಳನ್ನು ಕಟ್ಟಿ ಮುಚ್ಚುತ್ತಿದ್ದಾರೆ. ನಿಮ್ಮಲ್ಲಿ ಪೀಟ್ ಇಲ್ಲದಿರಬಹುದು, ಆದರೆ ಗುಡ್ಡದಿಂದ ಇಳಿದ ಮಳೆ ನೀರು ಸ್ವಲ್ಪ ದಿನ ನಿಲ್ಲುವುದು ಆ ಹಡ್ಲಿನಲ್ಲೇ. ಅದನ್ನು ಬಸಿದರೆ ಬೇಸಿಗೆಯಲ್ಲಿ ಕೆಳಗಿನ ತೋಡಿಗೆ ಏನು ಉಳಿಯುತ್ತದೆ? ಬೆಳೆ ಬೇಕೇ ಬೇಕು ಅಂದರೆ ಭತ್ತ ಹಾಕಿ, ಅದಕ್ಕೆ ನಿಂತ ನೀರೇ ಬೇಕು. ಮನೆಯವರು ಏಪ್ರಿಲ್‌ನಲ್ಲಿ ಒಮ್ಮೆ ಹಡ್ಲಿಗಿಳಿದು ಒಂದು ಹಿಡಿ ಮಣ್ಣು ಹಿಂಡಿ ನೋಡಲಿ.